ಐಟಿಐನಲ್ಲಿ ನಶೆ ತಗ್ಗಿಸಲು ಗೆಳೆಯರ ತಂಡ: ಯಾರನ್ನು ಆರಿಸಬೇಕು, ಏನು ಕಲಿಸಬೇಕು, ಎಲ್ಲಿ ನಿಲ್ಲಿಸಬೇಕು

ಜೂನ್ 26, ಮಾದಕ ವಸ್ತು ವಿರೋಧಿ ದಿನ, ಬಂತು ಅಂದರೆ ಐಟಿಐ ಅಂಗಳದಲ್ಲಿ ಏನಾಗುತ್ತದೆ ಅಂತ ನಿಮಗೂ ಗೊತ್ತು. ಒಂದು ಬ್ಯಾನರ್, ಸಾಮೂಹಿಕ ಪ್ರತಿಜ್ಞೆ, ಒಬ್ಬ ಅತಿಥಿ, ಪ್ರೊಜೆಕ್ಟರ್‌ನಲ್ಲಿ ಕ್ಯಾನ್ಸರ್ ಬಂದ ಬಾಯಿಯ ಫೋಟೋ, ಆಮೇಲೆ ಬಸ್ ನಿಲ್ದಾಣದವರೆಗೆ ಜಾಥಾ. ಜಾಥಾ ಚದುರಿದ ಮೇಲೆ ಪ್ರತಿಜ್ಞೆ ಮಾಡಿದ ಹುಡುಗರಲ್ಲೇ ಒಂದಷ್ಟು ಜನ ಟೀ ಅಂಗಡಿಯ ಹಿಂದೆ ನಿಂತಿರುತ್ತಾರೆ. ಅವರು ಕೆಟ್ಟವರು ಅಂತಲ್ಲ. ಸಿಗರೇಟು ಬಾಯಿಗೆ ಬಂದದ್ದು ಗೆಳೆಯನ ಕೈಯಿಂದ. ವೇದಿಕೆ ಮೇಲಿನ ಮಾತು ಆ ಕೈಯನ್ನು ತಡೆಯುವುದಿಲ್ಲ.

ಹಾಗಾಗಿ ಗೆಳೆಯರ ಮೂಲಕವೇ ಕೆಲಸ ಮಾಡಿಸಿ ಅನ್ನುವುದು ಹಳೆಯ ಸಲಹೆ. ಆರೋಗ್ಯ ಇಲಾಖೆಯವರು ಇಂಥ ಹುಡುಗ ಹುಡುಗಿಯರನ್ನು ಪಿಯರ್ ಎಜುಕೇಟರ್ ಅನ್ನುತ್ತಾರೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೂ ಮಕ್ಕಳು ಮತ್ತು ಹದಿಹರೆಯದವರಿಗಾಗಿ ಗೆಳೆಯರ ಮೂಲಕವೇ ನಡೆಯುವ ಒಂದು ಯೋಜನೆಗೆ ದುಡ್ಡು ಕೊಡುತ್ತದೆ. ಸಲಹೆ ಸರಿಯಾಗಿಯೇ ಇದೆ. ಆದರೆ ಯಾರನ್ನು ಆರಿಸುತ್ತೀರಿ, ಅವರಿಂದ ಏನು ಮಾಡಿಸುತ್ತೀರಿ, ಏನು ಮಾಡಿಸುವುದಿಲ್ಲ ಅನ್ನುವುದರ ಮೇಲೆ ಅದು ನಡೆಯುತ್ತದೋ ಕೆಡುತ್ತದೋ ತೀರ್ಮಾನವಾಗುತ್ತದೆ. ಕೆಡಬಹುದು ಅಂತ ಸುಮ್ನೆ ಹೆದರಿಸುತ್ತಿಲ್ಲ, ಅದಕ್ಕೆ ಆಧಾರ ಇದೆ, ಮುಂದೆ ಹೇಳುತ್ತೇನೆ.

ಇದು ಜೆಟಿಒಗಳಿಗೆ (ಐಟಿಐನಲ್ಲಿ ಟ್ರೇಡ್ ಕಲಿಸುವ ಕಿರಿಯ ತರಬೇತಿ ಅಧಿಕಾರಿಗಳಿಗೆ), ಎಂಪ್ಲಾಯಬಿಲಿಟಿ ಸ್ಕಿಲ್ಸ್ ಪಾಠ ಮಾಡುವವರಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಐಟಿಐ ಜೊತೆ ಕೆಲಸ ಮಾಡುವ ಸಂಸ್ಥೆಯವರಿಗೆ ಬರೆದದ್ದು.

ಮೊದಲು ಪ್ರಾಚಾರ್ಯರ ಮಾತು ಬೇಕು, ಅದೂ ಬರಹದಲ್ಲಿ

ಹುಡುಗರ ಬಳಿ ಹೋಗುವ ಮೊದಲು ಪ್ರಾಚಾರ್ಯರ ಬಳಿ ಹೋಗಿ. ಅವರಿಂದ ಒಂದೇ ಒಂದು ಭರವಸೆ ಬೇಕು: ಈ ಕಾರ್ಯಕ್ರಮದಲ್ಲಿ ಯಾರಾದರೂ ತನ್ನ ಚಟದ ಬಗ್ಗೆ ಬಾಯಿಬಿಟ್ಟರೆ ಅದಕ್ಕಾಗಿ ಸಸ್ಪೆಂಡ್ ಮಾಡುವುದಿಲ್ಲ, ಅಪ್ಪನನ್ನು ಕರೆಸುವುದಿಲ್ಲ, ಇಂಟರ್ನಲ್ ಮಾರ್ಕ್ಸ್ ಮುಟ್ಟುವುದಿಲ್ಲ. ಇದು ಕಾಗದದಲ್ಲಿ ಇರಲಿ, ನೋಟಿಸ್ ಬೋರ್ಡಿನಲ್ಲೂ ಇರಲಿ. ಮಾರಾಟ ಮಾಡುವವನಿಗೆ, ಅಮಲಿನಲ್ಲಿ ಮಷೀನ್ ಮುಂದೆ ನಿಂತವನಿಗೆ ಈ ರಿಯಾಯಿತಿ ಇಲ್ಲ ಅಂತಲೂ ಅದೇ ಕಾಗದದಲ್ಲಿ ಬರೆಯಿರಿ. ಲೇತ್ ಮುಂದೆ ಅಮಲಿನಲ್ಲಿದ್ದರೆ ಬೆರಳು ಹೋಗುತ್ತದೆ, ಅಲ್ಲಿ ದಾಕ್ಷಿಣ್ಯ ಬೇಡ. ಅವನನ್ನು ಆ ದಿನ ಮಷೀನ್‌ನಿಂದ ದೂರ ಕೂರಿಸಿ, ಒಬ್ಬರು ಜೊತೆಗಿರಿ, ಮಾತು ಮರುದಿನಕ್ಕೆ ಇಟ್ಟುಕೊಳ್ಳಿ.

ಈ ಭರವಸೆ ಸಿಗದಿದ್ದರೆ ಕಾರ್ಯಕ್ರಮ ಶುರು ಮಾಡಬೇಡಿ. ಸತ್ಯ ಹೇಳಿದ ಮೊದಲ ಹುಡುಗನಿಗೆ ಶಿಕ್ಷೆಯಾದರೆ ಆ ಬ್ಯಾಚಿನಲ್ಲಿ ಮತ್ತೊಬ್ಬ ಬಾಯಿ ತೆರೆಯುವುದಿಲ್ಲ. ಮುಂದಿನ ಬ್ಯಾಚಿಗೂ ಆ ಸುದ್ದಿ ಹೋಗಿರುತ್ತದೆ.

ಏನು ನಡೆಯುತ್ತಿದೆ ಅಂತ ತಿಳಿದುಕೊಳ್ಳಿ

ಎಲ್ಲವನ್ನೂ ನಶೆ ಅನ್ನುವ ಒಂದೇ ಪದಕ್ಕೆ ತುಂಬಿದರೆ ಕೆಲಸ ಆಗುವುದಿಲ್ಲ. ಒಂದು ಐಟಿಐನಲ್ಲಿ ಗುಟ್ಕಾ ಜಾಸ್ತಿ, ಇನ್ನೊಂದರಲ್ಲಿ ಸಿಗರೇಟು, ಮತ್ತೊಂದರ ಹಾಸ್ಟೆಲ್‌ನಲ್ಲಿ ಶನಿವಾರದ ಎಣ್ಣೆ. ಗಾಂಜಾ ಬಗ್ಗೆ ದೊಡ್ಡವರು ತುಂಬಾ ಮಾತಾಡುತ್ತಾರೆ. ಪಂಕ್ಚರ್ ಸಲ್ಯೂಷನ್, ಥಿನ್ನರ್, ವೈಟ್ನರ್ ಮೂಸುವುದರ ಬಗ್ಗೆ ಯಾರೂ ಮಾತಾಡುವುದಿಲ್ಲ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಚಿಕ್ಕವರಲ್ಲೇ ಜಾಸ್ತಿ ಕಂಡ ವಸ್ತು ಅಂದರೆ ಈ ಮೂಸುವ ವಸ್ತುಗಳು ಮಾತ್ರ. ನಮ್ಮ ವರ್ಕ್‌ಶಾಪಿನಲ್ಲಿ ಅವು ಕಪಾಟಿನಲ್ಲೇ ಇರುತ್ತವೆ, ಅದಕ್ಕೆ ಲೆಕ್ಕ ಇಡುವವರು ಯಾರೂ ಇಲ್ಲ. ಮೆಕ್ಯಾನಿಕ್ ಮತ್ತು ಪೇಂಟಿಂಗ್ ವಿಭಾಗದ ಕಪಾಟಿಗೆ ಬೀಗ, ಪಕ್ಕದಲ್ಲಿ ಒಂದು ರಿಜಿಸ್ಟರ್, ಇಷ್ಟು ಈ ವಾರವೇ ಮಾಡಿಬಿಡಿ. ಇದಕ್ಕೆ ಯಾವ ತರಬೇತಿಯೂ ಬೇಡ.

ಹೆಸರಿಲ್ಲದ ಚೀಟಿ ಹಂಚಿ. ಬರೆಯುವುದು ಬೇಡ, ಕೈಬರಹ ಗುರುತು ಸಿಗುತ್ತದೆ, ಬರೀ ಟಿಕ್ ಹಾಕುವ ಹಾಗಿರಲಿ. ಕಳೆದ 30 ದಿನದಲ್ಲಿ ಯಾವುದು ಮುಟ್ಟಿದ್ದೀಯ: ಸಿಗರೇಟು ಅಥವಾ ಬೀಡಿ, ಗುಟ್ಕಾ ಅಥವಾ ಜಗಿಯುವ ತಂಬಾಕು, ವೇಪ್, ಎಣ್ಣೆ, ಗಾಂಜಾ, ಮಾತ್ರೆ, ಮೂಸುವ ವಸ್ತು, ಯಾವುದೂ ಇಲ್ಲ. ಕೆಳಗೆ ಇನ್ನೊಂದು ಪ್ರಶ್ನೆ: ನಿನ್ನ ಯುನಿಟ್‌ನಲ್ಲಿ 20 ಜನರಲ್ಲಿ ಎಷ್ಟು ಜನ ಸಿಗರೇಟು ಸೇದುತ್ತಾರೆ ಅಂತ ನಿನ್ನ ಅಂದಾಜು? ಈ ಎರಡನೇ ಪ್ರಶ್ನೆ ತುಂಬಾ ಕೆಲಸಕ್ಕೆ ಬರುತ್ತದೆ. ಹುಡುಗರು ಸಾಮಾನ್ಯವಾಗಿ ಇರುವುದಕ್ಕಿಂತ ಜಾಸ್ತಿ ಊಹಿಸುತ್ತಾರೆ, ಎಲ್ಲರೂ ಸೇದುತ್ತಾರೆ ಅಂದುಕೊಂಡವನಿಗೆ ತಾನೊಬ್ಬ ಸೇದದಿದ್ದರೆ ಬೇರೆಯಾಗಿ ಕಾಣುತ್ತೇನೆ ಅನ್ನುವ ಭಯ ಇರುತ್ತದೆ. ಊಹೆ 15, ನಿಜ 6 ಅಂತ ಬಂದರೆ ಅದನ್ನು ಕ್ಲಾಸಿಗೇ ಹೇಳಿ. ಉಲ್ಟಾ ಬಂದರೆ, ಅಂದರೆ ನಿಜಕ್ಕೂ ಬಹಳ ಜನ ಸೇದುತ್ತಿದ್ದರೆ, ಆ ಸಂಖ್ಯೆಯನ್ನು ಗೋಡೆಗೆ ಹಾಕಬೇಡಿ. ಮಿಕ್ಕವರಿಗೂ ಧೈರ್ಯ ಬಂದುಬಿಡುತ್ತದೆ.

ಚೀಟಿಗಳನ್ನು ಒಂದು ಡಬ್ಬಕ್ಕೆ ಹಾಕಿಸಿ. ಎಣಿಸುವುದು ಆ ಯುನಿಟ್‌ನ ಜೆಟಿಒ ಆಗಬಾರದು.

ಯಾರನ್ನು ಆರಿಸಬೇಕು

ತಪ್ಪು ಜಾಸ್ತಿ ಆಗುವುದು ಇಲ್ಲೇ, ಅದಕ್ಕೆ ಸ್ವಲ್ಪ ಹೊತ್ತು ಇಲ್ಲಿ ನಿಲ್ಲುತ್ತೇನೆ.

ತಂಡಕ್ಕೆ ಹೆಸರು ಕೊಡಿ ಅಂದ ಕೂಡಲೇ ನಾವು ಮೇಷ್ಟ್ರುಗಳು ಬರೆಯುವ ಹೆಸರು ಯಾವುದು? ಮೊದಲ ಬೆಂಚಿನವನು, ಹಾಜರಾತಿ ನೂರಕ್ಕೆ ನೂರು ಇರುವವನು, ಸ್ವಾಗತ ಭಾಷಣ ಮಾಡುವವಳು. ಒಳ್ಳೆಯ ಮಕ್ಕಳು, ಸಂದೇಹವೇ ಇಲ್ಲ. ಆದರೆ ಟೀ ಅಂಗಡಿ ಹಿಂದೆ ನಿಂತವನು ಇವರ ಮಾತು ಕೇಳುವುದಿಲ್ಲ, ಸಾರ್ ಕಳಿಸಿದ ಸಿಐಡಿ ಬಂದ ಅನ್ನುತ್ತಾನೆ.

ಬ್ರಿಟನ್ನಿನಲ್ಲಿ ಶಾಲಾ ಮಕ್ಕಳ ಸಿಗರೇಟು ತಡೆಯಲು ಅಸಿಸ್ಟ್ ಅಂತ ಒಂದು ದೊಡ್ಡ ಪ್ರಯೋಗ ನಡೆಯಿತು, ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ವೇಲ್ಸ್ ಮತ್ತು ಇಂಗ್ಲೆಂಡಿನ ಪಶ್ಚಿಮ ಭಾಗದ 59 ಶಾಲೆಗಳು, ಹತ್ತು ಸಾವಿರಕ್ಕೂ ಮೀರಿ ವಿದ್ಯಾರ್ಥಿಗಳು. ಅಲ್ಲಿ ಮೇಷ್ಟ್ರು ಹೆಸರು ಕೊಡಲಿಲ್ಲ, ಮಕ್ಕಳನ್ನೇ ಕೇಳಿದರು: ನೀನು ಯಾರನ್ನು ಗೌರವಿಸುತ್ತೀಯ, ಯಾರು ಒಳ್ಳೆಯ ಲೀಡರ್, ಯಾರ ಹಾಗೆ ಇರಬೇಕು ಅನ್ನಿಸುತ್ತದೆ? ಜಾಸ್ತಿ ಹೆಸರು ಬಂದ ಮೇಲಿನ ಶೇ 17.5ರಷ್ಟು ಮಕ್ಕಳನ್ನು ಕರೆದರು. ಎರಡು ದಿನ ಶಾಲೆಯ ಹೊರಗೆ ತರಬೇತಿ, ಆಮೇಲೆ ಹತ್ತು ವಾರ ಸುಮ್ಮನೆ ಗೆಳೆಯರ ಜೊತೆ ಮಾತು. ಭಾಷಣ ಇಲ್ಲ, ಬ್ಯಾಡ್ಜ್ ಇಲ್ಲ. ಒಂದು ವರ್ಷದ ಮೇಲೆ ನೋಡಿದಾಗ ಕಾರ್ಯಕ್ರಮ ನಡೆದ ಶಾಲೆಗಳ ಮಕ್ಕಳು ಸಿಗರೇಟು ಸೇದುವ ಸಾಧ್ಯತೆ ಸುಮಾರು ಕಾಲು ಭಾಗದಷ್ಟು ಕಡಿಮೆ ಇತ್ತು. ಎರಡನೇ ವರ್ಷಕ್ಕೆ ಪರಿಣಾಮ ತೆಳುವಾಯಿತು.

ಆ ಮಕ್ಕಳು 12–13 ವರ್ಷದವರು, ಅದನ್ನು ಮರೆಯಬೇಡಿ. ನಮ್ಮ ಫಿಟ್ಟರ್, ಎಲೆಕ್ಟ್ರಿಷಿಯನ್ ಹುಡುಗರು 16 ದಾಟಿದವರು, ಕೆಲವರಿಗೆ ಚಟ ಹಿಡಿದು ವರ್ಷಗಳೇ ಆಗಿರುತ್ತವೆ. ಹಾಗಾಗಿ ಅದೇ ಲೆಕ್ಕದ ಫಲ ಇಲ್ಲೂ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಆರಿಸುವ ರೀತಿ ಇಲ್ಲಿಗೂ ಹೊಂದುತ್ತದೆ. 20 ಜನರ ಯುನಿಟ್‌ನಲ್ಲಿ 3–4 ಜನ ಸಾಕು.

ಚೀಟಿಯಲ್ಲಿ ಕೇಳುವ ಪ್ರಶ್ನೆ ನಮ್ಮ ಕಡೆಯ ಮಾತಿನಲ್ಲಿರಲಿ: ಮನೆಯಲ್ಲಿ ಜಗಳ ಆದರೆ ಯಾರ ಹತ್ತಿರ ಹೇಳಿಕೊಳ್ಳುತ್ತೀಯ? ಯಾರು ಹೇಳಿದರೆ ಕೇಳುತ್ತೀಯ? ಯಾರ ಹತ್ತಿರ ಹೇಳಿದ ಮಾತು ಆಚೆ ಹೋಗುವುದಿಲ್ಲ? ಮೂರನೆಯ ಪ್ರಶ್ನೆಗೆ ಬಂದ ಹೆಸರಿಗೆ ನಾನು ಜಾಸ್ತಿ ತೂಕ ಕೊಡುತ್ತೇನೆ.

ಬಂದ ಹೆಸರು ನೋಡಿ ನೀವು ಬೆಚ್ಚಿಬೀಳಬಹುದು. ಕಡೇ ಬೆಂಚಿನ ತರಲೆ, ಕಬಡ್ಡಿ ಟೀಮಿನ ಕ್ಯಾಪ್ಟನ್, ಹಿಂದಿನ ವರ್ಷ ಹೊಡೆದಾಟದಲ್ಲಿ ಸಿಕ್ಕಿಬಿದ್ದವನು ಪಟ್ಟಿಯಲ್ಲಿರಬಹುದು. ಹೆಸರು ಹೊಡೆದುಹಾಕಬೇಡಿ. ಕೂತು ಮಾತಾಡಿ. ತಾನೇ ಸಿಗರೇಟು ಸೇದುವವನು ಬಿಡಬೇಕು ಅಂತ ಮನಸ್ಸು ಮಾಡಿದ್ದರೆ ಅವನು ತಂಡದಲ್ಲಿರಬಹುದು, ಅವನ ಮಾತಿಗೆ ಬೆಲೆ ಇರುತ್ತದೆ. ಮಾರುವವನು, ಬೇರೆಯವರಿಗೆ ತಂದುಕೊಡುವವನು, ದಿನಾ ಗಾಂಜಾ ಹೊಡೆಯುವವನು ಬೇಡ. ಅವನಿಗೆ ಮೊದಲು ಸಹಾಯ ಸಿಗಲಿ.

ಊರಿಂದ ಬಸ್ಸಿನಲ್ಲಿ ಬರುವವರಲ್ಲಿ ಒಬ್ಬ, ಹಾಸ್ಟೆಲ್‌ನವರಲ್ಲಿ ಒಬ್ಬ ಇರಲೇಬೇಕು. ಕೋಪಾ (ಕಂಪ್ಯೂಟರ್ ಆಪರೇಟರ್), ಸೂಯಿಂಗ್ ಟೆಕ್ನಾಲಜಿಯಂಥ ಟ್ರೇಡಿನಲ್ಲಿ ಹುಡುಗಿಯರು ಇದ್ದರೆ ಅವರದೂ ಬೇರೆ ಚೀಟಿ ಮಾಡಿ. ಹುಡುಗಿಯರಿಗೆ ಇದರ ಅಗತ್ಯ ಇಲ್ಲ ಅನ್ನುವವರು ಇದ್ದಾರೆ. ಅಪ್ಪನ ಕುಡಿತ, ಅಣ್ಣನ ಕುಡಿತ ದಿನಾ ನೋಡುವವಳು ಅವಳೇ. ಅವಳಿಗೆ ಮಾತಾಡಲು ಒಬ್ಬಳು ಬೇಕೇ ಬೇಕು.

18 ತುಂಬದವರಿಗೆ ಮನೆಯವರ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಒಲ್ಲೆ ಅಂದವರನ್ನು ಬಲವಂತ ಮಾಡಬೇಡಿ.

ಎರಡು ದಿನದ ತರಬೇತಿ

ಐಟಿಐ ಒಳಗೆ ಬೇಡ. ಯಾವುದಾದರೂ ಸಮುದಾಯ ಭವನವೋ ಬೇರೆ ಕಾಲೇಜಿನ ಕೊಠಡಿಯೋ ಹಿಡಿಯಿರಿ, ಒಳ್ಳೆಯ ಊಟ ಹಾಕಿಸಿ. ಜೆಟಿಒಗಳು ಬಾಗಿಲಲ್ಲೇ ವಾಪಸ್ ಹೋಗಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿದರೆ ಮಾತಾಡಲು ಒಬ್ಬರನ್ನು ಕಳಿಸಿಕೊಡುತ್ತಾರೆ. ಆದರೆ ಎರಡೂ ದಿನ ಡಾಕ್ಟರ ಸ್ಲೈಡ್ ಶೋ ಆಗದಂತೆ ನೋಡಿಕೊಳ್ಳಿ. ಮಾಹಿತಿಗೆ ಅರ್ಧ ದಿನ ಸಾಕು, ಉಳಿದದ್ದೆಲ್ಲ ಅಭ್ಯಾಸ.

ಮಾಹಿತಿ ಕೂಡ ಅವರ ಟ್ರೇಡಿಗೆ ಅಂಟಿಕೊಂಡಿರಲಿ. 50ನೇ ವಯಸ್ಸಿಗೆ ಕ್ಯಾನ್ಸರ್ ಬರುತ್ತದೆ ಅಂದರೆ 18ರ ಹುಡುಗನಿಗೆ ಅದು ಇನ್ಯಾರದೋ ಕಥೆ. ಇವು ತಟ್ಟುತ್ತವೆ:

ರಾತ್ರಿ ಜಾಸ್ತಿ ಕುಡಿದರೆ ಬೆಳಿಗ್ಗೆ ಎದ್ದಾಗಲೂ ರಕ್ತದಲ್ಲಿ ಮದ್ಯ ಉಳಿದಿರಬಹುದು. ತಣ್ಣೀರು ಸ್ನಾನ, ಕಾಫಿ, ಮಜ್ಜಿಗೆ, ನಿಂಬೆರಸ ಯಾವುದೂ ಅದನ್ನು ಬೇಗ ಇಳಿಸುವುದಿಲ್ಲ. ಬೆಳಗ್ಗೆ ಪ್ರಾಕ್ಟಿಕಲ್‌ನಲ್ಲಿ ಡ್ರಿಲ್ಲಿಂಗ್ ಮಷೀನ್ ಮುಂದೆ ನಿಲ್ಲುವುದು ಆ ಸ್ಥಿತಿಯಲ್ಲೇ. ಗಾಂಜಾ ಹೊಡೆದವನಿಗೆ ತಾನು ಸರಿಯಾಗಿದ್ದೇನೆ ಅನ್ನಿಸುತ್ತದೆ, ಆದರೆ ಕೈ ನಿಧಾನ ಆಗಿರುತ್ತದೆ, ಗಮನ ನಿಲ್ಲುವುದಿಲ್ಲ. ಥಿನ್ನರ್, ಸಲ್ಯೂಷನ್ ಮೂಸಿದವನ ಹೃದಯ ಹಠಾತ್ತಾಗಿ ನಿಂತು ಸಾವು ಬರಬಹುದು, ಮೊದಲ ಸಲ ಮೂಸಿದವನಿಗೂ ಹೀಗಾಗಬಹುದು.

ಗುಟ್ಕಾ ಹಾಕುವವನಿಗೆ ಒಂದು ಸರಳ ಪರೀಕ್ಷೆ ಹೇಳಿಕೊಡಿ. ಬಾಯಿ ಪೂರ್ತಿ ತೆರೆದು ತನ್ನದೇ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸಲಿ. ಮೂರೂ ಹೋಗದಿದ್ದರೆ, ಖಾರ ತಿಂದರೆ ಬಾಯಿ ಉರಿದರೆ, ದಂತ ವೈದ್ಯರಿಗೆ ತೋರಿಸಬೇಕು. ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ಬಿಗಿಯುವ ಕಾಯಿಲೆ ಅದಾಗಿರಬಹುದು, ಮುಂದೆ ಕ್ಯಾನ್ಸರ್ ಆಗಬಹುದು. ಅದಕ್ಕೆ ಮುಖ್ಯ ಕಾರಣ ಅಡಿಕೆ. ಚನ್ನಗಿರಿ, ತೀರ್ಥಹಳ್ಳಿ ಕಡೆಯ ಹುಡುಗರ ಮುಂದೆ ಇದನ್ನು ಹೇಳುವಾಗ ಸ್ವಲ್ಪ ನೋಡಿಕೊಂಡು ಹೇಳಿ, ಮನೆಯ ತೋಟದಿಂದಲೇ ಫೀಸು ಬಂದಿರುತ್ತದೆ. ಬೆಳೆಯ ಚರ್ಚೆ ಬೇಡ, ಬಾಯಿಯ ಚರ್ಚೆ ಸಾಕು.

ಇನ್ನು ಅಭ್ಯಾಸ. ಇಬ್ಬಿಬ್ಬರನ್ನು ಕೂರಿಸಿ ಮಾತಾಡಿಸಿ. ಉಪದೇಶ ಮಾಡಿದ ಕೂಡಲೇ ಮಿಕ್ಕವರು ಚಪ್ಪಾಳೆ ತಟ್ಟಿ ನಿಲ್ಲಿಸಲಿ, ನಗು ಬರುತ್ತದೆ, ಆದರೆ ಬೇಗ ಕಲಿಯುತ್ತಾರೆ. ಗುಟ್ಕಾ ಹಾಕುವ ಗೆಳೆಯನ ಜೊತೆ ಮಂಡ್ಯ, ತುಮಕೂರಿನ ಕಡೆ ಮಾತು ಹೀಗೆ ನಡೆಯಬಹುದು:

"ಏನ್ ಮಗಾ, ಈಗೀಗ ಬೆಳಿಗ್ಗೆನೇ ಹಾಕ್ಕೊಂಡ್ ಬರ್ತೀಯ?"

"ಹೂಂ ಕಣೋ. ಏಳು ಗಂಟೆ ಬಸ್ಸು, ತಿಂಡಿಗೆಲ್ಲಿ ಟೈಮು."

"ಹಾಕ್ಕೊಂಡ್ರೆ ಹಸಿವು ಗೊತ್ತಾಗಲ್ವಾ?"

"ಗೊತ್ತಾಗಲ್ಲ. ಆದ್ರೆ ಬಾಯಿ ಉರಿಯುತ್ತೆ, ಚಟ್ನಿ ಕೂಡ ತಿನ್ನಕ್ ಆಗ್ತಿಲ್ಲ."

"ಎಷ್ಟ್ ದಿನದಿಂದ?"

"ತಿಂಗಳಾಯ್ತೇನೋ."

"ತೋರಿಸ್ಕೊಂಡ್ ಬರೋಣ್ವಾ? ನಾನೂ ಬರ್ತೀನಿ. ಸಾರ್‌ಗೆ ಏನೂ ಹೇಳಲ್ಲ."

ಇದರಲ್ಲಿ ಬಿಡು ಅನ್ನುವ ಮಾತೇ ಇಲ್ಲ ನೋಡಿ. ಕೇಳಿದ, ಅವನ ಬಾಯಿಂದಲೇ ತೊಂದರೆ ಹೊರಬಂತು, ಮುಂದಿನ ಹೆಜ್ಜೆಗೆ ಜೊತೆಗೆ ನಿಂತ. ಹುಬ್ಬಳ್ಳಿಯಲ್ಲಿ ಮಗಾ ಜಾಗದಲ್ಲಿ ದೋಸ್ತ ಬರುತ್ತದೆ, ಅಷ್ಟೇ ವ್ಯತ್ಯಾಸ. ಅಂದ ಹಾಗೆ ಈ ಮಾತಿನಿಂದ ನಿಮಗೂ ಒಂದು ಕೆಲಸ ಸಿಕ್ಕಿತು: ತಿಂಡಿ ಇಲ್ಲದೆ ಬರುವವರು ಎಷ್ಟು ಜನ ಅಂತ ವಿಚಾರಿಸಿ. ನಿಕೋಟಿನ್ ಹಸಿವು ಅಡಗಿಸುತ್ತದೆ. ಹತ್ತೂವರೆಗೆ ಒಂದು ಬಾಳೆಹಣ್ಣೋ ಚಿತ್ರಾನ್ನವೋ ಸಿಗುವ ಹಾಗೆ ಮಾಡಿದರೆ ಕೆಲವರ ಬೆಳಗಿನ ಪ್ಯಾಕೆಟ್ ಅದರಲ್ಲೇ ಕಡಿಮೆಯಾಗಬಹುದು.

ಬೇಡ ಅನ್ನುವ ಅಭ್ಯಾಸವೂ ಆಗಲಿ. ಉದ್ದ ಕಾರಣ ಕೊಟ್ಟರೆ ಉದ್ದ ವಾದ ಬರುತ್ತದೆ. "ಬೇಡ ಗುರು, ನೀನ್ ಹೊಡಿ, ನಾನ್ ಟೀ ಹೇಳ್ತೀನಿ" ಅಂದರೆ ಮುಗಿಯಿತು.

ಹತ್ತು ವಾರ ಅವರು ಏನು ಮಾಡುತ್ತಾರೆ

ಹೊರಗಿನಿಂದ ನೋಡುವವರಿಗೆ ಏನೂ ಮಾಡದ ಹಾಗೆಯೇ ಕಾಣುತ್ತದೆ. ಬಸ್ಸಿನಲ್ಲಿ, ಊಟದ ಹೊತ್ತಿನಲ್ಲಿ, ಹಾಸ್ಟೆಲ್ ಕಟ್ಟೆ ಮೇಲೆ ಮಾತಾಡುತ್ತಾರೆ. ನಿಮಗೆ ವರದಿ ಬೇಕು, ಫೋಟೋ ಬೇಕು, ಮೇಲಿನವರಿಗೆ ಕಳಿಸಬೇಕು, ಅರ್ಥವಾಗುತ್ತದೆ. ಆದರೂ ಟೀ ಶರ್ಟು, ಐಡಿ ಕಾರ್ಡು, ವಾಟ್ಸಾಪ್ ಗ್ರೂಪ್‌ಗೆ ದಿನಾ ಫೋಟೋ, ಇವೆಲ್ಲ ತಂಡವನ್ನು ಉಳಿದವರಿಂದ ಬೇರೆ ಮಾಡುತ್ತವೆ. ಮಾತಾಡಿದ್ದರ ಲೆಕ್ಕಕ್ಕೆ ಒಂದು ಸಣ್ಣ ಡೈರಿ ಸಾಕು: ಎಲ್ಲಿ, ಯಾವುದರ ಬಗ್ಗೆ, ಹೇಗೆ ಹೋಯಿತು. ಹೆಸರು ಬರೆಯಬಾರದು, ಅಡ್ಡಹೆಸರೂ ಬರೆಯಬಾರದು.

ಎರಡು ವಾರಕ್ಕೊಮ್ಮೆ ತಂಡವನ್ನು ಕೂರಿಸಿ. ಎಂಪ್ಲಾಯಬಿಲಿಟಿ ಸ್ಕಿಲ್ಸ್ ತರಗತಿಯ ಒಂದು ಗಂಟೆ ಇದಕ್ಕೆ ಹೊಂದುತ್ತದೆ. ಅಲ್ಲಿ ಮೊದಲು ಕೇಳಬೇಕಾದದ್ದು "ನೀನು ಹೇಗಿದ್ದೀಯ" ಅಂತ. 17 ವರ್ಷದವನ ತಲೆಗೆ ನಾಲ್ಕು ಜನರ ಕಷ್ಟ ಬಂದು ಕೂತಿರುತ್ತದೆ. ಸಾಕು ಅನ್ನಿಸಿದರೆ ಬಿಟ್ಟುಹೋಗಲು ಅವಕಾಶ ಇರಲಿ, ಮುಖ ಕೆಡಿಸಿಕೊಳ್ಳಬೇಡಿ.

ಹಬ್ಬ ಮತ್ತು ಪಾರ್ಟಿಗಳ ಕ್ಯಾಲೆಂಡರ್ ಮುಂಚೆಯೇ ನೋಡಿಕೊಳ್ಳಿ. ಐಟಿಐನಲ್ಲಿ ಆಯುಧಪೂಜೆ ಅಂದರೆ ದೊಡ್ಡ ಹಬ್ಬ, ಮಷೀನಿಗೆಲ್ಲ ಹೂವು, ಕುಂಬಳಕಾಯಿ, ಆಮೇಲೆ ಸಂಜೆ ಊರಾಚೆ ಎಣ್ಣೆ. ಗಣೇಶ ಬಿಡುವ ದಿನ, ಬರ್ತ್‌ಡೇ ಟ್ರೀಟ್, ಬ್ಯಾಚ್ ಪಾರ್ಟಿ, ಅಪ್ರೆಂಟಿಸ್‌ಶಿಪ್‌ನ ಮೊದಲ ಸ್ಟೈಪೆಂಡ್ ಕೈಗೆ ಬಂದ ದಿನ. ಮೊದಲ ಸಲ ಮುಟ್ಟುವುದು ಹೆಚ್ಚಾಗಿ ಇಂಥ ದಿನಗಳಲ್ಲೇ. ಆ ಸಂಜೆ ಅಂಗಳದಲ್ಲಿ ವಾಲಿಬಾಲ್ ಮ್ಯಾಚ್ ಇಡೋಣ, ಬಿರಿಯಾನಿ ನಾವೇ ಮಾಡೋಣ ಅಂತ ತಂಡದವರು ಒಂದು ವಾರ ಮುಂಚೆ ಸುದ್ದಿ ಎಬ್ಬಿಸಿದರೆ, ಹೋಗಲೋ ಬೇಡವೋ ಅಂತ ನಡುವೆ ನಿಂತವರು ಈ ಕಡೆ ಬರುತ್ತಾರೆ. ಹೋಗಿಯೇ ಹೋಗುವವರಿಗೆ ಒಂದೇ ಮಾತು: ಬೈಕ್ ಕೀ ಕುಡಿಯದವನ ಹತ್ತಿರ ಇರಲಿ.

ಚಟ ಇರುವವರನ್ನೆಲ್ಲ ಒಟ್ಟಿಗೆ ಕೂರಿಸಬೇಡಿ

ಕೆಡಬಹುದು ಅಂದೆನಲ್ಲ, ಅದು ಇದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಮಾಮೂಲಿ ಹೈಸ್ಕೂಲಿನಲ್ಲಿ ಹಿಂದೆಬಿದ್ದ ಮಕ್ಕಳಿಗೆಂದೇ ಇರುವ ಶಾಲೆಗಳಲ್ಲಿ, ಗೆಳೆಯರು ನಡೆಸುವ ಇಂಥದೇ ಕಾರ್ಯಕ್ರಮ ಮಾಡಿ ನೋಡಿದರು, ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಟ್ಟಾರೆ ನೋಡಿದರೆ ನಶೆ ಕಡಿಮೆಯಾಗಿತ್ತು. ಆದರೆ ಯಾರ ಗೆಳೆಯರ ಬಳಗದಲ್ಲಿ ಮೊದಲೇ ನಶೆ ಜಾಸ್ತಿ ಇತ್ತೋ ಅವರಲ್ಲಿ ಅದು ಇನ್ನಷ್ಟು ಹೆಚ್ಚಾಗಿತ್ತು. ಗೆಳೆತನದ ಬಲ ಎರಡೂ ಕಡೆ ಎಳೆಯುತ್ತದೆ. 1999ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞರು, ತುಂಟಾಟ ಜಾಸ್ತಿ ಇರುವ ಹದಿಹರೆಯದವರನ್ನು ಒಟ್ಟಿಗೆ ಗುಂಪು ಮಾಡಿ ತಿದ್ದಲು ಹೋದರೆ ಒಬ್ಬರಿಂದ ಒಬ್ಬರು ಕೆಟ್ಟದ್ದನ್ನೇ ಕಲಿಯುತ್ತಾರೆ ಅಂತ ಎಚ್ಚರಿಸಿದ್ದರು.

ಹಾಗಾಗಿ "ಗಾಂಜಾ ಹೊಡೆಯುವವರೆಲ್ಲ ಶುಕ್ರವಾರ ಮೂರು ಗಂಟೆಗೆ ಕೌನ್ಸೆಲಿಂಗ್ ರೂಮಿಗೆ ಬನ್ನಿ" ಅನ್ನುವ ಕೆಲಸ ಮಾಡಲೇಬೇಡಿ. ಯಾರ ಹತ್ತಿರ ಮಾಲು ಸಿಗುತ್ತದೆ ಅನ್ನುವುದು ಗೊತ್ತಿಲ್ಲದವರಿಗೂ ಅಲ್ಲಿ ಗೊತ್ತಾಗುತ್ತದೆ. ಗುಂಪಿನಲ್ಲಿ ಚರ್ಚೆ ಮಾಡಿದರೆ ಮುಟ್ಟದವರು, ಅಪರೂಪಕ್ಕೆ ಮುಟ್ಟುವವರು, ಬಿಡಬೇಕು ಅಂತಿರುವವರು ಬೆರೆತಿರಲಿ, ಮುಟ್ಟದವರೇ ಜಾಸ್ತಿ ಇರಲಿ. ಚಟ ಗಟ್ಟಿಯಾಗಿರುವವನ ಜೊತೆ ಒಬ್ಬೊಬ್ಬರೇ ಮಾತಾಡಬೇಕು, ಅದೂ ಬೇಗ ಡಾಕ್ಟರ ಕಡೆಗೆ ದಾರಿ ಮಾಡಿಕೊಡಲು.

ಹಳೆಯ ಸಾಹಸದ ಕಥೆಗಳೂ ಬೇಡ. ಚಟ ಬಿಟ್ಟವರನ್ನು ಕರೆಸಿ ಅನುಭವ ಹೇಳಿಸುವುದು ನಮ್ಮಲ್ಲಿ ಫ್ಯಾಷನ್. ಅವರು "ದಿನಾ ಮೂರು ಕ್ವಾರ್ಟರ್ ಏರಿಸುತ್ತಿದ್ದೆ" ಅಂದರೆ ಹಿಂದಿನ ಸಾಲಿನಲ್ಲಿ ಸಿಳ್ಳೆ ಬೀಳುತ್ತದೆ. ಕರೆಸುವುದಾದರೆ ಬಿಟ್ಟ ಮೇಲಿನ ದಿನಗಳ ಬಗ್ಗೆ ಮಾತಾಡಿಸಿ.

ಎಲ್ಲಿಗೆ ಕಳಿಸಬೇಕು

ತಂಡದವರು ಡಾಕ್ಟರ್ ಅಲ್ಲ, ಪೊಲೀಸ್ ಅಂತೂ ಅಲ್ಲವೇ ಅಲ್ಲ. ಅವರ ಜೇಬಿನಲ್ಲಿ ಒಂದು ಚಿಕ್ಕ ಕಾರ್ಡು ಇರಲಿ. ಮಾನಸಿಕ ಆರೋಗ್ಯಕ್ಕೆ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡಬಹುದು. ಮಾದಕ ವಸ್ತು ಬಿಡಲು ರಾಷ್ಟ್ರೀಯ ಸಹಾಯವಾಣಿ 14446. ತಂಬಾಕು ಬಿಡಲು 1800 11 2356. ಆಂಬುಲೆನ್ಸ್ 108.

ಕಾರ್ಡಿಗಿಂತ ಮುಖ ಪರಿಚಯ ಮುಖ್ಯ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇರುತ್ತದೆ. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ. ನಿಮ್ಮ ತಾಲ್ಲೂಕಿನಲ್ಲಿ ಯಾವುದು ಯಾವ ದಿನ ನಡೆಯುತ್ತದೆ ಅಂತ ಹೋಗಿ ನೋಡಿಕೊಂಡು ಬನ್ನಿ, ತಂಡವನ್ನೂ ಒಮ್ಮೆ ಕರೆದುಕೊಂಡು ಹೋಗಿ. ಕಷ್ಟದ ಕೇಸುಗಳಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ.

ಆಸ್ಪತ್ರೆಗೆ ಹೋದರೆ ಪೊಲೀಸರಿಗೆ ಹೇಳಿಬಿಡುತ್ತಾರೆ ಅನ್ನುವ ಭಯ ಹುಡುಗರಲ್ಲಿ ಗಟ್ಟಿಯಾಗಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. ಮಾದಕ ವಸ್ತುಗಳ ಕಾಯ್ದೆಯಲ್ಲೂ 64ಎ ಅಂತ ಒಂದು ಕಲಮು ಇದೆ: ಚಟಕ್ಕೆ ಬಿದ್ದವನು ಸೇವನೆಯ ಅಥವಾ ಸಣ್ಣ ಪ್ರಮಾಣದ ಮಾದಕ ವಸ್ತುವಿನ ಆರೋಪದಲ್ಲಿದ್ದು, ತಾನಾಗಿ ಚಿಕಿತ್ಸೆಗೆ ಹೋಗಿ ಅದನ್ನು ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಇದನ್ನು ತಂಡಕ್ಕೆ ಕಡ್ಡಾಯವಾಗಿ ಹೇಳಿಕೊಡಿ.

ಮಾತು ಗುಟ್ಟಾಗಿಡುವುದಕ್ಕೂ ಮಿತಿ ಇದೆ, ಅದನ್ನು ಮೊದಲ ದಿನವೇ ಹೇಳಿರಬೇಕು. ಸಾಯಬೇಕು ಅಂತ ಯಾರಾದರೂ ಹೇಳಿದರೆ, ಮಾತ್ರೆ ನುಂಗಿದ್ದರೆ, ಯಾರೋ ದೊಡ್ಡವರು ಹೆದರಿಸಿ ಮಾಲು ಸಾಗಿಸಲು ಬಳಸುತ್ತಿದ್ದರೆ, ಆಗ ಗುಟ್ಟು ಬೇಡ, ಕೂಡಲೇ ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಬೇಕು. ಆ ದೊಡ್ಡವರು ಯಾರು ಅನ್ನುವುದನ್ನು ತಂಡವೇ ಆರಿಸಲಿ. ಅದು ಪ್ರಾಚಾರ್ಯರೇ ಆಗಬೇಕಿಲ್ಲ, ಸ್ಟೋರ್ ಕೀಪರ್ ಆದರೂ ಸರಿ.

ದಿನಾ ಕುಡಿಯುವವನಿಗೆ ಬೆಳಿಗ್ಗೆ ಕೈ ನಡುಗುತ್ತಿದ್ದರೆ "ಇವತ್ತಿಂದಲೇ ಬಿಡು" ಅಂತ ಯಾರೂ ಹೇಳಬಾರದು. ಹಠಾತ್ತಾಗಿ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ, ಡಾಕ್ಟರ ಕೈಯಲ್ಲೇ ಬಿಡಿಸಬೇಕು. ತಂಬಾಕು ಹಾಗಲ್ಲ, ನಿಲ್ಲಿಸಿದರೆ ಜೀವಕ್ಕೆ ಅಪಾಯ ಇಲ್ಲ, ಆದರೆ ಮೊದಲ ಎರಡು ಮೂರು ದಿನ ಸಿಡಿಮಿಡಿ, ನಿದ್ದೆ ಬರುವುದಿಲ್ಲ, ಕೆಲವು ವಾರದಲ್ಲಿ ಇಳಿಯುತ್ತದೆ. ಬೇಕು ಅನ್ನಿಸುವ ತುಡಿತ ಒಂದೊಂದು ಸಲಕ್ಕೆ ಕೆಲವೇ ನಿಮಿಷ ಇರುತ್ತದೆ. ಆ ನಿಮಿಷಗಳಿಗೆ ಗೆಳೆಯ ಬೇಕು: ನೀರು ಕುಡಿ, ಒಂದು ಸುತ್ತು ನಡೆಯೋಣ ಬಾ.

ಪ್ರಜ್ಞೆ ತಪ್ಪಿ ಬಿದ್ದವನನ್ನು ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಒಂಟಿಯಾಗಿ ಬಿಡಬೇಡಿ, 108ಕ್ಕೆ ಫೋನ್ ಮಾಡಿ. ಮನೆಯವರಿಗೆ ಗೊತ್ತಾಗುತ್ತದೆ ಅಂತ ಕಾಯುತ್ತಾ ಕೂತು ಜೀವ ಕಳೆಯುವುದು ಬೇಡ. ಇದನ್ನು ನೆಲದ ಮೇಲೆ ಮಲಗಿಸಿಯೇ ಅಭ್ಯಾಸ ಮಾಡಿಸಿ.

ಗೇಟಿನ ಎದುರಿನ ಅಂಗಡಿ

ಇದು ತಂಡದ ಕೆಲಸವಲ್ಲ. ಹುಡುಗರನ್ನು ಅಂಗಡಿಯವನ ಜೊತೆ ಜಗಳಕ್ಕೆ ಕಳಿಸಬೇಡಿ, ಸಂಜೆ ಅದೇ ದಾರಿಯಲ್ಲಿ ಅವರು ಮನೆಗೆ ಹೋಗಬೇಕು. 2003ರ ಕೋಟ್ಪಾ, ಅಂದರೆ ತಂಬಾಕು ನಿಯಂತ್ರಣ ಕಾಯ್ದೆಯಿಂದಲೇ ಶಿಕ್ಷಣ ಸಂಸ್ಥೆಯ 100 ಗಜದೊಳಗೆ ತಂಬಾಕು ಮಾರುವಂತಿಲ್ಲ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪ್ರಕಾರ 21 ತುಂಬದವರಿಗೆ ಮಾರುವಂತಿಲ್ಲ, ಅಂದರೆ ನಿಮ್ಮ ಬಹುಪಾಲು ವಿದ್ಯಾರ್ಥಿಗಳಿಗೆ. ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡ 1,000 ರೂಪಾಯಿವರೆಗೆ. 18 ತುಂಬದ ಮಗುವಿಗೆ ತಂಬಾಕು, ಮದ್ಯ, ಮಾದಕ ವಸ್ತು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲು ಇದೆ. ಪ್ರಾಚಾರ್ಯರ ಲೆಟರ್‌ಹೆಡ್‌ನಲ್ಲಿ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ಪತ್ರ ಬರೆಯಿರಿ, ನಕಲು ಠಾಣೆಗೆ. ಅದಕ್ಕೂ ಮುಂಚೆ ಅಂಗಡಿಯವರ ಹತ್ತಿರ ಒಮ್ಮೆ ಹೋಗಿ ಮಾತಾಡಿ. ಬನ್ನು, ಮೊಟ್ಟೆ, ಚಿತ್ರಾನ್ನ ಇಟ್ಟರೆ ನಮ್ಮ ಹುಡುಗರೇ ಗಿರಾಕಿಗಳು ಅಂದರೆ ಕೆಲವರು ಒಪ್ಪುತ್ತಾರೆ.

ಸಿಬ್ಬಂದಿಯೂ ಆವರಣದಲ್ಲಿ ಸೇದಬಾರದು. ವರ್ಕ್‌ಶಾಪಿನ ಹಿಂದೆ ಸಾರ್ ಸೇದುತ್ತಿದ್ದರೆ ಉಳಿದದ್ದನ್ನೆಲ್ಲ ಮಾಡಿ ಏನು ಬಂತು.

ಲೆಕ್ಕ ನೋಡುವುದು, ಮುಂದಿನವರಿಗೆ ಕೊಡುವುದು

ಹತ್ತು ವಾರ ಆದ ಮೇಲೆ ಮೊದಲಿನ ಚೀಟಿಯನ್ನೇ ಮತ್ತೆ ಹಂಚಿ, ಒಂದು ಪ್ರಶ್ನೆಯನ್ನೂ ಬದಲಿಸಬೇಡಿ. ಆರು ತಿಂಗಳಿಗೆ ಇನ್ನೊಮ್ಮೆ. ಸೇದುವವರ ಸಂಖ್ಯೆ ಕೂಡಲೇ ಇಳಿಯದಿರಬಹುದು. ಹೊಸದಾಗಿ ಶುರು ಮಾಡಿದವರು ಕಡಿಮೆಯಾದರೇ, ದಿನಾ ಹಾಕುವವರು ವಾರಕ್ಕೆ ಇಳಿದರೇ, ಆಸ್ಪತ್ರೆಗೆ ಎಷ್ಟು ಜನ ಹೋದರು, ಇವನ್ನು ನೋಡಿ. ಹಾಜರಾತಿಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ, ಪರೀಕ್ಷೆಗೆ ಕೂರಲು ಶೇ 80 ಬೇಕಲ್ಲ, ಸೋಮವಾರದ ಗೈರು ಬಹಳ ಸಲ ಭಾನುವಾರದ ಕಥೆ ಹೇಳುತ್ತದೆ. ಯಾವುದಾದರೂ ಯುನಿಟ್‌ನಲ್ಲಿ ಸಂಖ್ಯೆ ಏರಿದ್ದರೆ ಅಲ್ಲಿ ನಿಲ್ಲಿಸಿ, ಆ ತಂಡದಲ್ಲಿ ಯಾರು ಯಾರ ಜೊತೆ ತಿರುಗುತ್ತಿದ್ದಾರೆ ನೋಡಿ, ಬೇಕಿದ್ದರೆ ಹೊಸದಾಗಿ ಆರಿಸಿ.

ಎರಡು ವರ್ಷದ ಟ್ರೇಡಿನಲ್ಲಿ ತಂಡ ಕಟ್ಟುವಷ್ಟರಲ್ಲಿ ಸೀನಿಯರ್‌ಗಳು ಹೊರಟುಬಿಡುತ್ತಾರೆ. ಅದಕ್ಕೆ ಮೊದಲ ವರ್ಷದವರನ್ನು ಅಡ್ಮಿಷನ್ ಆಗಿ ಎರಡು ತಿಂಗಳ ಮೇಲೆ ಆರಿಸಿ, ಅಷ್ಟರಲ್ಲಿ ಯಾರು ಯಾರ ಮಾತು ಕೇಳುತ್ತಾರೆ ಅನ್ನುವುದು ಅವರಿಗೇ ಗೊತ್ತಾಗಿರುತ್ತದೆ. ತರಬೇತಿಯ ಎರಡನೇ ದಿನ ಸೀನಿಯರ್ ತಂಡವೂ ಬರಲಿ, ಹೊಸಬರಿಗೆ ಅಭ್ಯಾಸ ಅವರೇ ಮಾಡಿಸಲಿ. ಡೈರಿಗಳನ್ನು ಮಾತ್ರ ಹೊಸಬರ ಕೈಗೆ ಕೊಡಬೇಡಿ, ಸೀನಿಯರ್‌ಗಳು ಹೋಗುವ ಮುಂಚೆ ಅವರ ಕೈಯಿಂದಲೇ ಹರಿದುಹಾಕಿಸಿಬಿಡಿ.